ವಿಕ್ಟೋರಿಯಾ ಆಸ್ಪತ್ರೆ ಹತ್ತಿರದ ಸರ್ಜಿಕಲ್ ಅಂಗಡಿ: ಆರ್ಟರಿ ಫೋರ್ಸೆಪ್ಸ್‌ಗೆ ಇಲ್ಲೇ ಹೋಗಿ, ಕತ್ತರಿಗೆ ಯೋಚನೆ ಮಾಡಿ

ಕೆ.ಆರ್. ಮಾರ್ಕೆಟ್ ಕಡೆಯಿಂದ ವಿಕ್ಟೋರಿಯಾ ಆಸ್ಪತ್ರೆಗೆ ಬರುವಾಗ ಪಕ್ಕದ ಓಣಿಯಲ್ಲಿ ಸಿಗುವ ಹಳೇ ಅಂಗಡಿ ಇದು. ನಮ್ಮ ನರ್ಸಿಂಗ್ ಹೋಮ್ ಓಟಿಗೆ (ಆಪರೇಷನ್ ಥಿಯೇಟರ್‌ಗೆ) ಬೇಕಾದ ಸಾಮಾನನ್ನು ಜಾಸ್ತಿ ಇಲ್ಲಿಂದಲೇ ತರುತ್ತೇನೆ. ಐದಕ್ಕೆ ನಾಲ್ಕು ಕೊಡುತ್ತೇನೆ. ಮುಖ್ಯ ಕಾರಣ ಒಂದೇ, ದುಡ್ಡು ಕೊಡುವ ಮೊದಲು ಪ್ರತಿಯೊಂದನ್ನೂ ಕೈಯಲ್ಲಿ ಹಿಡಿದು, ಲಾಕ್ ಹಾಕಿ ತೆಗೆದು, ಬಲ್ಬ್ ಕೆಳಗೆ ತಿರುಗಿಸಿ ನೋಡಲು ಬಿಡುತ್ತಾರೆ. ಎಷ್ಟು ಹೊತ್ತು ನಿಂತರೂ ಯಾರೂ ಮುಖ ಗಂಟು ಹಾಕುವುದಿಲ್ಲ. ಆನ್‌ಲೈನ್‌ನಲ್ಲಿ ಫೋಟೋ ನೋಡಿ ಸೆಟ್ ತರಿಸುವವರಿಗೆ ಈ ಅನುಕೂಲ ಎಲ್ಲಿದೆ?

ರಕ್ತನಾಳವನ್ನು ಕಚ್ಚಿ ಹಿಡಿಯುವ ಇಕ್ಕಳ, ಅಂದರೆ ಆರ್ಟರಿ ಫೋರ್ಸೆಪ್ಸ್ (ನಾವು ಬರೀ ಆರ್ಟರಿ ಅನ್ನುತ್ತೇವೆ) ಇಲ್ಲಿ ನಿಜಕ್ಕೂ ಚೆನ್ನಾಗಿವೆ. ಹಿಡಿಕೆಯ ಬಳಿ ಇರುವ ಲಾಕ್‌ನ ಮೊದಲ ಹಲ್ಲಿಗೆ ಹಾಕಿ ಹಿಡಿಕೆಯನ್ನು ಅಂಗೈಗೆ ಒಮ್ಮೆ ಬಡಿಯಿರಿ. ಬಿಚ್ಚಿಕೊಂಡರೆ ವಾಪಸ್ ಇಡಿ. ಆಮೇಲೆ ಬೆಳಕಿಗೆ ಹಿಡಿಯಿರಿ, ತುದಿಯಲ್ಲಿ ಸಂದು ಕಂಡರೆ ಅದೂ ಬೇಡ. ಲಾಕ್ ಮೇಲೆ ಇಷ್ಟು ಒತ್ತು ಯಾಕೆ ಅಂದರೆ ಆರ್ಟರಿಯ ಜೀವ ಇರುವುದೇ ಅಲ್ಲಿ. 19ನೇ ಶತಮಾನದಲ್ಲಿ ಲಂಡನ್ನಿನ ಸ್ಪೆನ್ಸರ್ ವೆಲ್ಸ್, ಪ್ಯಾರಿಸ್ಸಿನ ಪೆಯಾನ್ ಇದನ್ನು ಓಟಿಗೆ ತಂದು ಬಳಕೆಗೆ ಹಚ್ಚಿದರು. ವೆಲ್ಸ್ ಅಂಡಾಶಯದ ಗೆಡ್ಡೆ ತೆಗೆಯುವುದರಲ್ಲಿ ಹೆಸರಾದವರು, ಅಂಥ ಆಪರೇಷನ್ನುಗಳನ್ನು ಸಾವಿರಕ್ಕೂ ಹೆಚ್ಚು ಮಾಡಿದರು. ಹೊಟ್ಟೆ ತೆರೆದಾಗ ರಕ್ತ ಚಿಮ್ಮುವ ಜಾಗವನ್ನು ಬೆರಳಿನಲ್ಲೇ ಒತ್ತಿ ಹಿಡಿದು ನಿಂತರೆ ಮುಂದಿನ ಕೆಲಸಕ್ಕೆ ಕೈ ಎಲ್ಲಿಂದ ಬರಬೇಕು? ಕಚ್ಚಿಕೊಂಡು ತಾನೇ ನಿಲ್ಲುವ ಫೋರ್ಸೆಪ್ಸ್ ಬಂದ ಮೇಲೆ ಆ ಕೈ ಬಿಡುವಾಯಿತು. ಲಾಕ್ ಸಡಿಲ ಇರುವ ಆರ್ಟರಿ ಎಷ್ಟೇ ಹೊಳೆದರೂ ಆರ್ಟರಿ ಅಲ್ಲ.

ಸುಶ್ರುತ ಸಂಹಿತೆಯಲ್ಲಿ 101 ಯಂತ್ರ (ಹಿಡಿಯುವ, ಎಳೆಯುವಂಥ ಮೊಂಡು ಉಪಕರಣ), 20 ಶಸ್ತ್ರ (ಕತ್ತರಿಸುವ, ಚುಚ್ಚುವ ಹರಿತ ಉಪಕರಣ) ಇವೆ ಅಂತ ಎಲ್ಲರೂ ಹೆಮ್ಮೆಯಿಂದ ಹೇಳುತ್ತಾರೆ. ನನಗೆ ಅದಕ್ಕಿಂತ ಜಾಸ್ತಿ ಇಷ್ಟ ಅಲ್ಲಿರುವ 12 ಯಂತ್ರದೋಷಗಳು. ತೀರಾ ದಪ್ಪ, ತೀರಾ ಉದ್ದ, ತೀರಾ ಗಿಡ್ಡ, ಡೊಂಕು, ಸಡಿಲ, ಹಿಡಿತವೇ ಇಲ್ಲ, ಹಿಡಿದರೂ ಸಮ ಇಲ್ಲ, ಕೀಲು ಮೆದು, ಬಾಯಿ ಮೆದು, ಹೀಗೆ ಸಾಗುತ್ತದೆ. ಇವತ್ತಿಗೂ ಕೌಂಟರ್ ಮುಂದೆ ನಿಂತು ನಾವು ಹುಡುಕುವುದು ಇವನ್ನೇ ಅಲ್ವಾ? ಹೋದ ಸಲ ಒಂದು ಕೋಕರ್ಸ್ ಫೋರ್ಸೆಪ್ಸ್ ತೆಗೆದುಕೊಟ್ಟರು. ಅದರ ತುದಿಯಲ್ಲಿ ಒಂದು ಕಡೆ ಒಂಟಿ ಹಲ್ಲು, ಎದುರಿಗೆ ಎರಡು. ಒಂಟಿ ಹಲ್ಲು ಆ ಎರಡರ ನಡುವೆ ಸರಿಯಾಗಿ ಕೂರಬೇಕು. ಇದರಲ್ಲಿ ಪಕ್ಕದ ಹಲ್ಲಿನ ಮೇಲೆ ಹತ್ತಿ ಕೂತಿತ್ತು. ತೋರಿಸಿದೆ. ಯಜಮಾನರು ಕನ್ನಡಕ ಹಾಕಿಕೊಂಡು ನೋಡಿ, "ಹೌದು ಸಿಸ್ಟರ್, ಇದು ಬೇಡ ಬಿಡಿ" ಅಂತ ಪಕ್ಕಕ್ಕಿಟ್ಟು ಬೇರೆ ಕೊಟ್ಟರು. ಇಂಥ ಅಂಗಡಿಯವರು ಬೇಕು. ಬರ್ನ್ ನಗರದ ಥಿಯೋಡರ್ ಕೋಕರ್ ಥೈರಾಯ್ಡ್ ಆಪರೇಷನ್‌ನಲ್ಲಿ ರಕ್ತ ಹರಿಯದಂತೆ ಒಂದೊಂದೇ ನಾಳ ಕಟ್ಟುತ್ತಾ ನಿಧಾನವಾಗಿ ಕೆಲಸ ಮಾಡಿ, ಸಾವನ್ನು ನೂರಕ್ಕೆ ಒಂದಕ್ಕಿಂತ ಕೆಳಗೆ ಇಳಿಸಿದವರು. 1909ರಲ್ಲಿ ನೊಬೆಲ್ ಬಂತು. ಅವರ ಹೆಸರಿನ ಸಾಮಾನು ಓರೆಯಾಗಿ ಕಚ್ಚಿದರೆ ಹೇಗೆ?

ಕತ್ತರಿ ವಿಷಯದಲ್ಲಿ ಮಾತ್ರ ಬೇಜಾರು. ಕಡಿಮೆ ರೇಟಿನ ಮೆಟ್ಜನ್‌ಬಾಮ್ ಕತ್ತರಿ ಕೆಲವೇ ಸಲ ಆಟೋಕ್ಲೇವ್ (ಬಿಸಿ ಹಬೆಯಲ್ಲಿ ಕ್ರಿಮಿ ಕೊಲ್ಲುವ ಯಂತ್ರ) ಕಂಡ ಮೇಲೆ ಮೊಂಡಾಯಿತು. ಒದ್ದೆ ಗಾಜ್ (ಗಾಯಕ್ಕೆ ಕಟ್ಟುವ ತೆಳು ಬಟ್ಟೆ) ಮೇಲೆ ತುದಿಯಿಂದ ಕತ್ತರಿಸಿದರೆ ನೂಲು ಎಳೆದುಕೊಂಡು ಬರುತ್ತದೆ, ಕತ್ತರಿಸುವುದಿಲ್ಲ. ಹಿಡಿಕೆ ಉದ್ದ, ಅಲಗು ಚಿಕ್ಕದು ಇರುವ ಈ ಕತ್ತರಿಗೆ ಕ್ಲೀವ್‌ಲ್ಯಾಂಡ್‌ನ ಸರ್ಜನ್ ಮೈರನ್ ಮೆಟ್ಜನ್‌ಬಾಮ್ ಹೆಸರು. ನಾಜೂಕಾದ ಅಂಗಾಂಶ ಬಿಡಿಸುವುದೇ ಅದರ ಕೆಲಸ. ಸೂಚರ್ (ಹೊಲಿಗೆ) ದಾರ ಕತ್ತರಿಸಲು ಅದನ್ನು ಎತ್ತಿಕೊಳ್ಳುವ ಹೊಸ ಹುಡುಗರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ, ದಾರಕ್ಕೆ ಬೇರೆ ಕತ್ತರಿ ಟ್ರೇಯಲ್ಲೇ ಇರುತ್ತದೆ. ಇಲ್ಲೇ ಚಿನ್ನದ ಬಣ್ಣದ ಹಿಡಿಕೆಯ, ಟಂಗ್‌ಸ್ಟನ್ ಕಾರ್ಬೈಡ್ ಅಲಗಿನ ಕತ್ತರಿಯೂ ಇದೆ. ರೇಟು ಜಾಸ್ತಿ, ಆದರೆ ತಗೊಳ್ಳುವುದಾದರೆ ಅದನ್ನೇ ತಗೊಳ್ಳಿ. ಅಗ್ಗದ್ದನ್ನು ಅಂಗಡಿಯವರು ಇಡುವುದೇ ನಿಲ್ಲಿಸಲಿ. ಒಂದು ಸ್ಟಾರ್ ಕಡಿಮೆ ಕೊಟ್ಟಿದ್ದು ಇದಕ್ಕೇ.

ಯೋನಿ ಪರೀಕ್ಷೆಗೆ ಬಳಸುವ ಸಿಮ್ಸ್ ಸ್ಪೆಕ್ಯುಲಂ ಇಲ್ಲಿ ಒಳ್ಳೇದು ಸಿಗುತ್ತದೆ, ಅಂಚು ನುಣುಪು. ಬೆರಳು ಸವರಿ ನೋಡಿಯೇ ತನ್ನಿ, ಒಂದು ಸಣ್ಣ ತರಕಲು ಇದ್ದರೂ ನೋವಾಗುವುದು ಹೆಣ್ಣುಮಗಳಿಗೆ. ಇದರ ಹಿಂದಿನ ಕಥೆಯನ್ನು ಜೂನಿಯರ್ ಸಿಸ್ಟರ್‌ಗಳಿಗೆ ನಾನು ಹೇಳದೆ ಬಿಡುವುದಿಲ್ಲ. ಅಮೆರಿಕದ ಅಲಬಾಮಾದಲ್ಲಿ ಮೇರಿಯನ್ ಸಿಮ್ಸ್ 1845ರಿಂದ 1849ರವರೆಗೆ ಫಿಸ್ಟುಲಾ (ಹೆರಿಗೆಯ ಗಾಯದಿಂದ ಮೂತ್ರಕೋಶಕ್ಕೂ ಯೋನಿಗೂ ನಡುವೆ ಆಗುವ ತೂತು) ರಿಪೇರಿ ಕಲಿತಿದ್ದು ಗುಲಾಮಗಿರಿಯಲ್ಲಿದ್ದ ಹೆಂಗಸರ ಮೇಲೆ, ಅರಿವಳಿಕೆ ಕೊಡದೆ. ಬೇಡ ಅನ್ನುವ ಹಕ್ಕೇ ಅವರಿಗೆ ಇರಲಿಲ್ಲ. ಅನಾರ್ಕಾ, ಲೂಸಿ, ಬೆಟ್ಸಿ, ಈ ಮೂವರ ಹೆಸರು ಉಳಿದಿದೆ. ಅನಾರ್ಕಾ ಒಬ್ಬಳಿಗೇ ಸುಮಾರು 30 ಸಲ ಆಪರೇಷನ್ ಆಯಿತು. ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕ್‌ನಲ್ಲಿದ್ದ ಸಿಮ್ಸ್ ಪ್ರತಿಮೆಯನ್ನು 2018ರಲ್ಲಿ ತೆಗೆದರು, ಸರಿಯಾಗಿಯೇ ಮಾಡಿದರು. ಉಪಕರಣ ಬಳಸೋಣ, ಅದರಿಂದ ಎಷ್ಟೋ ಹೆಂಗಸರಿಗೆ ಒಳ್ಳೇದಾಗಿದೆ. ಆದರೆ ಸಿಮ್ಸ್ ಹೆಸರು ಹೇಳುವ ಕಡೆ ಆ ಮೂವರ ಹೆಸರೂ ಬರಬೇಕು.

ಕಾರಿನಲ್ಲಿ ಹೋಗಬೇಡಿ, ನಿಲ್ಲಿಸಲು ಜಾಗ ಇಲ್ಲ. ಮಾರ್ಕೆಟ್ ಮೆಟ್ರೋದಲ್ಲಿ ಇಳಿದು ನಡೆಯಿರಿ. ಬೆಳಗ್ಗೆ ಬೇಗ ಹೋದರೆ ಯಜಮಾನರೇ ಇರುತ್ತಾರೆ, ಮಧ್ಯಾಹ್ನ ಇರುವ ಹುಡುಗನಿಗೆ ಫೋರ್ಸೆಪ್ಸ್‌ಗಳಲ್ಲಿ ಮಸ್ಕಿಟೋ ಯಾವುದು, ಆಲಿಸ್ ಯಾವುದು ಇನ್ನೂ ಅಷ್ಟು ಗೊತ್ತಿಲ್ಲ. ಜಿಎಸ್‌ಟಿ ಬಿಲ್ ಕೇಳಿದರೆ ಕೊಡುತ್ತಾರೆ. ಹಳೇ ಕತ್ತರಿ ಕೊಟ್ಟರೆ ಸಾಣೆ ಹಿಡಿಸಿಕೊಡುತ್ತಾರೆ, ಆ ಕೆಲಸ ಪರವಾಗಿಲ್ಲ. ವಾಪಸ್ ತಗೊಳ್ಳುವಾಗ ಅದನ್ನೂ ಒದ್ದೆ ಗಾಜ್ ಮೇಲೆ ಅಲ್ಲೇ ಕತ್ತರಿಸಿ ನೋಡಿ.