ಮನೆ ಅಭ್ಯಾಸಕ್ಕೆ 3 ವ್ಯಾಟಿನ ಆಂಪ್ ಸಾಕು

ಮೈಸೂರಿನಲ್ಲಿ ಮಕ್ಕಳಿಗೆ ಗಿಟಾರ್ ಹೇಳಿಕೊಡುತ್ತೇನೆ. ಎಲೆಕ್ಟ್ರಿಕ್ ಗಿಟಾರ್ ಕೊಡಿಸಿದ ಅಪ್ಪ ಅಮ್ಮಂದಿರು ಫೋನ್ ಮಾಡಿ ಕೇಳುವುದು ಒಂದೇ: "ಸರ್, ಎಷ್ಟು ವ್ಯಾಟಿನ ಆಂಪ್ ತಗೊಳ್ಳೋಣ?" ಆಂಪ್ ಅಂದರೆ ಗಿಟಾರಿನ ಸದ್ದನ್ನು ಹಿಗ್ಗಿಸಿ ಕೇಳಿಸುವ ಸ್ಪೀಕರ್ ಪೆಟ್ಟಿಗೆ. ವ್ಯಾಟ್ ನೋಡಲೇಬೇಡಿ ಅನ್ನುತ್ತೇನೆ. ಎರಡರಲ್ಲೂ ಒಂದೇ ಬಗೆಯ ಸ್ಪೀಕರ್ ಇದ್ದರೆ 3 ವ್ಯಾಟಿಗಿಂತ 30 ವ್ಯಾಟ್ ನಮ್ಮ ಕಿವಿಗೆ ಸುಮಾರು ಎರಡು ಪಟ್ಟು ಜೋರಾಗಿ ಕೇಳುತ್ತದೆ, ಹತ್ತು ಪಟ್ಟಲ್ಲ. ಪಕ್ಕದ ಕೋಣೆಯಲ್ಲಿ ಅಜ್ಜಿ ಮಲಗಿರುವ ಮನೆಯಲ್ಲಿ ನೋಡಬೇಕಾದದ್ದು ಬೇರೆ. ವಾಲ್ಯೂಮ್ ಸ್ವಲ್ಪವೇ ತಿರುಗಿಸಿದಾಗಲೂ ನಾದ ತುಂಬಿಕೊಂಡು ಬರುತ್ತದೆಯೇ?

ಈ ಪರೀಕ್ಷೆಯಲ್ಲಿ ನನಗೆ ಹಿಡಿಸಿದ್ದು ರೋಲೆಂಡ್ ಮೈಕ್ರೋ ಕ್ಯೂಬ್ ಜಿಎಕ್ಸ್. 3 ವ್ಯಾಟ್, 5 ಇಂಚಿನ ಒಂದು ಸ್ಪೀಕರ್. ಒಂದೇ ಕೈಯಲ್ಲಿ ಎತ್ತಿಕೊಂಡು ಹೋಗಬಹುದು. ಇದರಲ್ಲಿ 'ಜೆಸಿ ಕ್ಲೀನ್' ಅಂತ ಒಂದು ನಾದವಿದೆ. ರೋಲೆಂಡ್‌ನವರೇ 1975ರಲ್ಲಿ ತಂದ ಜೆಸಿ-120 ಎಂಬ ಭಾರೀ ಆಂಪಿನ ಸ್ವಚ್ಛ ಧ್ವನಿಯನ್ನು ಅನುಸರಿಸಿದ್ದು. ಗೇನ್ (ಸದ್ದು ಎಷ್ಟು ಒಡೆಯಬೇಕು ಅಂತ ಹೊಂದಿಸುವ ನಾಬ್) ಕಡಿಮೆ ಇಟ್ಟು ಎಫ್ ಕಾರ್ಡ್ (ಹಲವು ತಂತಿ ಒಟ್ಟಿಗೆ ಒತ್ತಿ ನುಡಿಸುವ ಸ್ವರಗುಚ್ಛ) ಹಿಡಿಸಿ, ತಂತಿಗಳನ್ನು ಒಂದೊಂದಾಗಿ ಮೀಟಲು ಹೇಳುತ್ತೇನೆ. ತೋರುಬೆರಳು ಎರಡನೇ ತಂತಿಯ ಮೇಲೆ ಸರಿಯಾಗಿ ಕೂತಿಲ್ಲ ಅಂದರೆ ಅಲ್ಲಿ ಸ್ವರದ ಬದಲು 'ಟಪ್' ಅಂತ ಸತ್ತ ಸದ್ದು. ಮಗುವಿಗೇ ಕೇಳಿಸುತ್ತದೆ, ನಾನು ಬಾಯಿ ಬಿಡುವ ಮೊದಲೇ ಬೆರಳು ಸರಿಮಾಡಿಕೊಳ್ಳುತ್ತದೆ. ಡಿಸ್ಟಾರ್ಷನ್, ಅಂದರೆ ಒಡೆದ ಗರಗರ ಸದ್ದು, ಜಾಸ್ತಿ ಇಟ್ಟರೆ ಇಂಥ ತಪ್ಪುಗಳೆಲ್ಲ ಮುಚ್ಚಿಹೋಗುತ್ತವೆ. ಅದಕ್ಕೇ ಶುರುವಿನಲ್ಲಿ ಕ್ಲೀನ್ ನಾದದಲ್ಲೇ ನುಡಿಸಿ ಅಂತ ಹಟ ಹಿಡಿಯುತ್ತೇನೆ.

ತಂತಿಗಳ ಶ್ರುತಿ ನೋಡುವ ಟ್ಯೂನರ್ ಒಳಗೇ ಇದೆ. ಫೋನಿನಿಂದ ವೈರ್ ಹಾಕಿ ಹಾಡಿನ ಜೊತೆ ನುಡಿಸಬಹುದು. ಹೆಡ್‌ಫೋನ್ ಚುಚ್ಚಿದರೆ ಸ್ಪೀಕರ್ ಸುಮ್ಮನಾಗುತ್ತದೆ, ರಾತ್ರಿ ಹತ್ತಾದರೂ ಕೆಳಗಿನ ಮನೆಯವರಿಗೆ ತೊಂದರೆಯಿಲ್ಲ. ಅಡಾಪ್ಟರ್ ಜೊತೆಗೇ ಬರುತ್ತದೆ. ಆರು ಪೆನ್ಸಿಲ್ ಸೆಲ್ ಹಾಕಿದರೂ ನಡೆಯುವುದರಿಂದ ಬೇಸಿಗೆಯಲ್ಲಿ ಕರೆಂಟ್ ಹೋದರೂ ಪಾಠ ನಿಲ್ಲುವುದಿಲ್ಲ.

ಕೊರತೆಯೂ ಇದೆ. ಗಿಟಾರಿನ ಆರನೇ ತಂತಿಯ ಸ್ವರ 82 ಹರ್ಟ್ಸ್ ಆಸುಪಾಸಿನದು. ಅಷ್ಟು ಕೆಳಗಿನ ಸ್ವರಕ್ಕೆ 5 ಇಂಚಿನ ಸ್ಪೀಕರ್ ಮೈ ತುಂಬಲಾರದು. ಗೋಡೆಯ ಮೂಲೆಗೆ ಹತ್ತಿರ ಇಟ್ಟರೆ ಸ್ವಲ್ಪ ಸುಧಾರಿಸುತ್ತದೆ. ನೆಲದ ಮೇಲೆ ಮಾತ್ರ ಇಡಬೇಡಿ, ಸ್ಟೂಲಿನ ಮೇಲಿಟ್ಟು ಕಿವಿಯ ಕಡೆ ತಿರುಗಿಸಿ. ಟೋನ್‌ಗೆ ಇರುವುದು ಒಂದೇ ನಾಬ್. ಬೇಸ್, ಮಿಡಲ್, ಟ್ರೆಬಲ್ ಬೇರೆ ಬೇರೆ ಬೇಕೆನ್ನುವವರು ಬಾಸ್ (Boss) ಕಂಪನಿಯ ಕಟಾನಾ ಮಿನಿ ನೋಡಬಹುದು. ಅದು 7 ವ್ಯಾಟ್, 4 ಇಂಚು, ಸೆಲ್ಲಿನಲ್ಲೂ ನಡೆಯುತ್ತದೆ, ಆದರೆ ಅಡಾಪ್ಟರ್ ಬೇರೆ ಕೊಳ್ಳಬೇಕು. ದುಡ್ಡು ಬಿಗಿಯಾಗಿದ್ದರೆ ಫೆಂಡರ್ ಫ್ರಂಟ್‌ಮ್ಯಾನ್ 10ಜಿ. ಸೆಲ್ ಇಲ್ಲ, ರಿವರ್ಬ್ (ಮಾರ್ದನಿಯ ಪರಿಣಾಮ) ಇಲ್ಲ, ಕ್ಲೀನ್ ನಾದ ಮಾತ್ರ ಅಚ್ಚುಕಟ್ಟು. ಕೈಯಲ್ಲಿ ಸಂಬಳವಿರುವ ದೊಡ್ಡವರಿಗೆ ಯಮಾಹಾ ಟಿಎಚ್‌ಆರ್ ಹೇಳುತ್ತೇನೆ. ಮನೆಯಲ್ಲಿ ನುಡಿಸುವವರಿಗೆಂದೇ ಮಾಡಿದ್ದು, ಮಕ್ಕಳಿಗೆ ಅಷ್ಟು ಖರ್ಚು ಬೇಡ.

ಅಂಗಡಿಗೆ ಹೋಗುವಾಗ ನಿಮ್ಮ ಗಿಟಾರನ್ನೇ ಒಯ್ಯಿರಿ. ಅವರು ಜೋರಾಗಿ ನುಡಿಸಿ ತೋರಿಸುತ್ತಾರೆ, ಜೋರಾದಾಗ ಎಲ್ಲ ಆಂಪೂ ಚೆಂದವೇ. ನಾವು ಮಾತಾಡುವ ದನಿಯಷ್ಟಕ್ಕೆ ಇಳಿಸಿ ಕೇಳಿ. ಒಳ್ಳೆಯ ಕೇಬಲ್ಲಿಗೂ ಸ್ವಲ್ಪ ದುಡ್ಡು ತೆಗೆದಿಡಿ, ಮನೆಗೆ 3 ಮೀಟರ್ ಧಾರಾಳ. ತಂದ ಮೇಲೆ ಇನ್ವರ್ಟರ್ ಪಕ್ಕ ಕೂತು ನುಡಿಸಬೇಡಿ. ಗಿಟಾರಿನಲ್ಲಿ ಸಿಂಗಲ್ ಕಾಯಿಲ್ ಪಿಕಪ್ (ತಂತಿಯ ಕಂಪನ ಹಿಡಿಯುವ, ಒಂದೇ ಸುರುಳಿಯ ಭಾಗ) ಇದ್ದರೆ 'ಗುಂಯ್' ಅನ್ನುತ್ತದೆ, ಎರಡು ಹೆಜ್ಜೆ ದೂರ ಸರಿದರೆ ಕಡಿಮೆಯಾಗುತ್ತದೆ.