ಸಾವಿರ ತುಂಡುಗಳಲ್ಲಿ ಪಿಸಾರೋನ ರಾತ್ರಿ ಬೀದಿ

ಕಮೀಲ್ ಪಿಸಾರೋ 1897ರಲ್ಲಿ ಬರೆದ ಪ್ಯಾರಿಸ್ ಬೀದಿಯ ಚಿತ್ರ, 'ರಾತ್ರಿಯ ಬುಲೆವಾರ್ಡ್ ಮೊಂಮಾರ್ತ್ರ'. ಅದರ ಸಾವಿರ ತುಂಡಿನ ಜಿಗ್‌ಸಾ ಪಜಲ್ ಇದು. ಮುಗಿಸಲು ನನಗೆ ಹನ್ನೊಂದು ರಾತ್ರಿ ಹಿಡಿಯಿತು.

ಮೊದಲ ದಿನ ತಲೆಬುಡ ಗೊತ್ತಾಗಲಿಲ್ಲ. ಒಂದು ತುಂಡು ಕೈಗೆತ್ತಿಕೊಂಡರೆ ಕಡು ನೀಲಿಯ ಮೇಲೆ ಎರಡು ಹಳದಿ ಗೀಟು, ಅಷ್ಟೇ. ಅದು ದೀಪವೋ, ಒದ್ದೆ ನೆಲದ ಮೇಲೆ ಬಿದ್ದ ಬೆಳಕೋ? ಕೊನೆಗೆ ಮೂರು ತಟ್ಟೆ ಇಟ್ಟುಕೊಂಡು ಬೆಳಕನ್ನೇ ಬೇರೆ ಮಾಡಿದೆ. ರಸ್ತೆ ನಡುವಿನ ವಿದ್ಯುತ್ ದೀಪಗಳದ್ದು ತಣ್ಣನೆ ಬಿಳಿ. ಅಂಗಡಿ ಕಿಟಕಿಗಳ ಗ್ಯಾಸ್ ದೀಪದ್ದು ಬೆಚ್ಚನೆ ಹಳದಿ. ಕುದುರೆಗಾಡಿಗಳ ಎಣ್ಣೆ ದೀಪ ಬರೀ ಸಣ್ಣ ಚುಕ್ಕೆ. ಆಮೇಲೆ ಬೀದಿ ತಾನಾಗಿ ತೆರೆದುಕೊಳ್ಳತೊಡಗಿತು. ಜನರಿಗೆ ಮುಖವೇ ಇಲ್ಲ, ಕುಂಚದ ಒಂದೊಂದು ಗೀಟು. ಪಕ್ಕದ ತುಂಡು ಕೂಡಿಸಿದ ಕೂಡಲೇ ಆ ಗೀಟು ನಡೆಯುತ್ತದೆ!

ಆಗ ಪಿಸಾರೋಗೆ 66 ವರ್ಷ. ಕಣ್ಣಿನ ತೊಂದರೆಯಿಂದ ಹೊರಗೆ ಕೂತು ಬರೆಯುವುದು ಕಷ್ಟವಾಗಿತ್ತು. ಹೋಟೆಲ್ ಕೋಣೆಯೊಂದನ್ನು ಹಿಡಿದು, ಕಿಟಕಿಯಿಂದ ಕಾಣುವ ಇದೇ ಬೀದಿಯನ್ನು ಹದಿನಾಲ್ಕು ಸಲ ಬರೆದ. ರಾತ್ರಿಯದ್ದು ಇದೊಂದೇ. ಇದಕ್ಕೆ ಸಹಿ ಹಾಕಲಿಲ್ಲ, ಬದುಕಿದ್ದಾಗ ಯಾರಿಗೂ ಪ್ರದರ್ಶನದಲ್ಲಿ ತೋರಿಸಲೂ ಇಲ್ಲ. ಈಗ ಅದು ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ.

ತುಂಡುಗಳು ದಪ್ಪಗಿವೆ, ಗಟ್ಟಿಯಾಗಿ ಕೂರುತ್ತವೆ. ಮೇಲೆ ಹೊಳಪಿಲ್ಲ, ಕಣ್ಣಿಗೆ ಹಿತ. ಆದರೆ ಎರಡು ವಿಷಯ ನನಗೆ ನಿಜಕ್ಕೂ ಬೇಸರ ತಂದವು. ಮೂಲ ಚಿತ್ರ ಸುಮಾರು 53 ಸೆಂಟಿಮೀಟರ್ ಎತ್ತರ, 65 ಅಗಲ. ಪಜಲ್ 48 ಎತ್ತರ, 68 ಅಗಲ. ಲೆಕ್ಕ ಕೂಡುವುದಿಲ್ಲ, ಅಲ್ವಾ? ಮೇಲಿನ ಆಕಾಶವನ್ನೂ ಕೆಳಗಿನ ರಸ್ತೆಯನ್ನೂ ಕತ್ತರಿಸಿದ್ದಾರೆ. ಡಬ್ಬಿಯ ಮೇಲೆ ಎಲ್ಲೂ ಹೇಳಿಲ್ಲ. ಇನ್ನೊಂದು, ಅಚ್ಚು ಜಾಸ್ತಿ ಕಪ್ಪಾಗಿದೆ. ಆಕಾಶದ ನೀಲಿ ಸತ್ತೇ ಹೋಗಿದೆ. ಆ ಭಾಗಕ್ಕೇ ಮೂರು ರಾತ್ರಿ ಹೋಯಿತು, ಬಣ್ಣ ಬಿಟ್ಟು ತುಂಡಿನ ಆಕಾರ ನೋಡಿಯೇ ಜೋಡಿಸಿದೆ.

ಆದರೂ ಹೀಗೆ ಬಿಡಿ ಬಿಡಿ ಗೀಟುಗಳಲ್ಲಿ ಆ ಕ್ಷಣದ ಬೆಳಕನ್ನು ಹಿಡಿಯುವ ಇಂಪ್ರೆಷನಿಸ್ಟ್ ಚಿತ್ರ ಇಷ್ಟಪಡುವವರು ತೆಗೆದುಕೊಳ್ಳಿ. ಆ ಅಂಗಡಿ ಸಾಲೊಂದಕ್ಕೇ ಕೊಟ್ಟ ದುಡ್ಡು ಸಾರ್ಥಕ. ಜೋಡಿಸುವಾಗ ಮಾತ್ರ ಬಿಳಿ ಬಲ್ಬಿನ ಕೆಳಗೆ ಕೂರಿ. ನಾನು ಮೊದಲೆರಡು ದಿನ ಹಳದಿ ಬಲ್ಬಿನ ಕೆಳಗೆ ಕೂತಿದ್ದೆ, ವಿದ್ಯುತ್ ದೀಪದ ತುಂಡುಗಳೆಲ್ಲ ಅಂಗಡಿಯ ತಟ್ಟೆಗೆ ಸೇರಿಬಿಟ್ಟಿದ್ದವು.