ಎಡ್ ರೀಡ್ ಅಥವಾ ಟ್ರಾಯ್ ಪೊಲಮಾಲು: ಸೇಫ್ಟಿ ಆಡುವವರು ಯಾರನ್ನು ನೋಡಿ ಕಲಿಯಬೇಕು?

ಅಮೆರಿಕನ್ ಫುಟ್‌ಬಾಲ್‌ನಲ್ಲಿ ಸೇಫ್ಟಿ ಎಂದರೆ ರಕ್ಷಣೆಯ ಕಟ್ಟಕಡೆಯ ಕಾವಲು. ಬಾಲ್ಟಿಮೋರ್ ರೇವನ್ಸ್‌ನ ರೀಡ್ 2004ರಲ್ಲಿ, ಪಿಟ್ಸ್‌ಬರ್ಗ್ ಸ್ಟೀಲರ್ಸ್‌ನ ಪೊಲಮಾಲು 2010ರಲ್ಲಿ ವರ್ಷದ ಶ್ರೇಷ್ಠ ರಕ್ಷಣಾ ಆಟಗಾರರಾದರು. ವೃತ್ತಿಜೀವನದ ಅಂಕಿಗಳು ತಮಾಷೆಯಾಗಿವೆ: ಇಂಟರ್‌ಸೆಪ್ಷನ್ (ಎದುರಾಳಿಯ ಪಾಸ್ ಕಸಿಯುವುದು) ರೀಡ್ 64, ಪೊಲಮಾಲು 32, ಸ್ಯಾಕ್ (ಪಾಸ್ ಎಸೆಯುವ ಕ್ವಾರ್ಟರ್‌ಬ್ಯಾಕ್‌ನನ್ನು ಎಸೆತಕ್ಕೆ ಮೊದಲೇ ಕೆಡವುವುದು) ರೀಡ್ 6, ಪೊಲಮಾಲು 12.

ರೀಡ್ ರಕ್ಷಣೆಯ ಹಿಂಬದಿಯಲ್ಲಿ ನಿಂತು ಕ್ವಾರ್ಟರ್‌ಬ್ಯಾಕ್‌ನ ಕಣ್ಣು ಓದುತ್ತಿದ್ದರು. ಪಾಸ್ ಹಿಡಿಯುವ ರಿಸೀವರ್ ಖಾಲಿ ಇದ್ದಾನೆಂದು ನಂಬಿಸಿ, ಚೆಂಡು ಕೈಬಿಟ್ಟ ಕೂಡಲೇ ಎರಗುತ್ತಿದ್ದರು. ಇದನ್ನು ಅನುಕರಿಸುವವರು ಎಡವುವುದು ಪಂಪ್ ಫೇಕ್‌ಗೆ, ಅಂದರೆ ಎಸೆಯುವಂತೆ ನಟಿಸಿ ಚೆಂಡು ಬಿಡದ ಮೋಸಕ್ಕೆ. ಒಂದು ಹೆಜ್ಜೆ ಮುಂದಿಟ್ಟರೂ ಸಾಕು, ಹಿಂದೆ ಕಾಯಲು ಯಾರೂ ಇರುವುದಿಲ್ಲ, ನೇರ ಟಚ್‌ಡೌನ್.

ಪೊಲಮಾಲು ಕಾಡಿದ್ದು ಕ್ವಾರ್ಟರ್‌ಬ್ಯಾಕ್‌ನ ಮುಂದೆ ನಿಂತು ಕಾಯುವ ಆಫೆನ್ಸಿವ್ ಲೈನನ್ನು. ಸ್ನ್ಯಾಪ್‌ಗೆ (ಚೆಂಡನ್ನು ಹಿಂದಕ್ಕೆ ಕೊಟ್ಟು ಆಟ ಶುರುಮಾಡುವುದು) ಮೊದಲು ಅತ್ತಿತ್ತ ಓಡಾಡಿದರೆ, ಯಾರು ಯಾರನ್ನು ತಡೆಯಬೇಕೆಂದು ಲೈನ್ ನಡುವಿನ ಸೆಂಟರ್ ಹೇಳಿದ ಲೆಕ್ಕವೇ ಕೆಡುತ್ತಿತ್ತು. 2010ರಲ್ಲಿ ಟೆನೆಸ್ಸಿ ಟೈಟನ್ಸ್ ವಿರುದ್ಧ ಲೈನ್ ಮೇಲಿಂದಲೇ ಹಾರಿ ಕ್ವಾರ್ಟರ್‌ಬ್ಯಾಕ್‌ನನ್ನು ಹಿಡಿದರು. ಲಯ ತಪ್ಪಿ ಮೊದಲೇ ಗೆರೆ ದಾಟಿದರೆ ಮಾತ್ರ 5 ಗಜದ ದಂಡ.

ಆದರೆ ಈ ಸ್ವಾತಂತ್ರ್ಯ ಪುಕ್ಕಟೆ ಸಿಕ್ಕಿದ್ದಲ್ಲ. ಸ್ಟೀಲರ್ಸ್‌ನ ರಕ್ಷಣಾ ಕೋಚ್ ಆಗಿದ್ದ ಡಿಕ್ ಲೆಬೋ ರೂಪಿಸಿದ ಜೋನ್ ಬ್ಲಿಟ್ಜ್‌ನಲ್ಲಿ ಒಬ್ಬ ಮುನ್ನುಗ್ಗಿದರೆ ಇನ್ನೊಬ್ಬ ಆ ಜಾಗ ತುಂಬುತ್ತಾನೆ. ಹಿಂಬದಿ ಕಾಯಲು ತಂಡದ ಇನ್ನೊಬ್ಬ ಸೇಫ್ಟಿ ರಯಾನ್ ಕ್ಲಾರ್ಕ್ ಕೂಡ ಇದ್ದರು. ನಿಮ್ಮ ತಂಡದಲ್ಲಿ ಅಂಥ ಜೊತೆಗಾರನಿಲ್ಲದಿದ್ದರೆ ಪೊಲಮಾಲು ಶೈಲಿ ಬೇಡ. ಹಿಂದೆ ಒಬ್ಬರೇ ನಿಲ್ಲುವವರು ರೀಡ್ ವಿಡಿಯೊ ನೋಡಲಿ, ಅದರಲ್ಲೂ ಚೆಂಡಿಗಿಂತ ಅವರ ಪಾದಗಳನ್ನು.